ಜಾಲಿ ಸೌದೆಯ ಬೆಂಕಿ ಚೊಕ್ಕವೇ?

(ಚಳ್ಳಕೆರೆ–ಮೊಳಕಾಲ್ಮೂರು ಭಾಗದ ರೈತರ ಸಭೆಯಲ್ಲಿ ಗ್ರಾಮ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಬಿತ್ತನೆ ಬೀಜದ ವಿಚಾರ ಹೇಳುತ್ತೇನೆಂದು ನೀವು ಬಂದಿರಬಹುದು. ಅದನ್ನು ಮುಂದಿನ ಸಭೆಗೆ ಇಟ್ಟುಕೊಳ್ಳೋಣ. ಇಂದು ಬೆಂಕಿಯ ವಿಚಾರ ಮಾತನಾಡಬೇಕಾಗಿದೆ. ಅದಕ್ಕೆ ಕಾರಣ ಒಬ್ಬ ಅಜ್ಜಿ.

ಹೋದ ತಿಂಗಳು ಮೊಳಕಾಲ್ಮೂರು ಕಡೆಯ ಒಂದು ಊರಿನಲ್ಲಿ ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು ನಾಲ್ಕು ಮಾತು ಹೇಳುತ್ತಿದ್ದೆ. ಸೌದೆ, ಹೊಟ್ಟು, ಸಿಪ್ಪೆ ಇವುಗಳಿಂದ ವಿದ್ಯುತ್ತು ತಯಾರಿಸುತ್ತಾರೆ, ಇದಕ್ಕೆ ಬಯೋಮಾಸ್ ಎನ್ನುತ್ತಾರೆ, ಇದು ಎಂದೂ ಮುಗಿಯದ ಚೊಕ್ಕ ಇಂಧನ ಎಂದೆ. ಅದೇ ಸಭೆಯಲ್ಲಿ, ಅರ್ಧ ಗಂಟೆ ಕಳೆದ ಮೇಲೆ, ಸೌದೆ ಒಲೆಯ ಹೊಗೆ ಕೆಟ್ಟದ್ದು, ಹೆಂಗಸರ ಎದೆ ಹಾಳಾಗುತ್ತದೆ, ಗ್ಯಾಸಿಗೆ ಹೋಗಿ ಎಂದೂ ಹೇಳಿದೆ. ಹಿಂದೆ ಕುಳಿತಿದ್ದ ಅಜ್ಜಿ ಎದ್ದು ಕೇಳಿದಳು: “ಅಲ್ಲಪ್ಪಾ, ಜಾಲಿ ಕಟ್ಟಿಗೇನ ಲಾರಿಗೆ ತುಂಬ್ಕೊಂಡೋಗಿ ಅವರು ಸುಟ್ರೆ ಚೊಕ್ಕ ಅಂತೀಯ. ಅದೇ ಕಟ್ಟಿಗೇನ ನಾನು ಒಲೆಗೆ ಇಟ್ರೆ ಹೊಗೆ, ಕಾಯಿಲೆ ಅಂತೀಯ. ಇದ್ಯಾವ ಲೆಕ್ಕ ನಿಂದು?”

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಉತ್ತರ ಬರಲಿಲ್ಲ. ಕೃಷಿ ಡಿಪ್ಲೊಮಾ ಓದಿದವನು, ಪುಸ್ತಕ ತಿರುವಿ ನೋಡಿದವನು, ಅಜ್ಜಿಯ ಒಂದು ಪ್ರಶ್ನೆಗೆ ಬಾಯಿ ಮುಚ್ಚಿಕೊಂಡು ಬೈಕು ಹತ್ತಿ ಬಂದೆ. ಆ ಉತ್ತರವನ್ನು ಇಂದು ನಿಮ್ಮ ಮುಂದೆ ಹೇಳಲು ಪ್ರಯತ್ನಿಸುತ್ತೇನೆ. ಆ ಅಜ್ಜಿಯೂ ಇಲ್ಲಿ ಬಂದಿದ್ದಾಳೆ.

ಮೊದಲು ಸರ್ಕಾರದ ಲೆಕ್ಕ. ನಮ್ಮ ದೇಶದ ಸರ್ಕಾರ ಬಿಸಿಲು, ಗಾಳಿ, ಹರಿಯುವ ನೀರು ಇವುಗಳ ಸಾಲಿನಲ್ಲಿಯೇ ಬಯೋಮಾಸನ್ನೂ ಇಟ್ಟಿದೆ; ನವೀಕರಿಸಬಹುದಾದ ಇಂಧನ ಎಂದು ಕರೆದಿದೆ. ೨೦೨೧ರಲ್ಲಿ ಕೇಂದ್ರದ ವಿದ್ಯುತ್ ಇಲಾಖೆಯು ಕಲ್ಲಿದ್ದಲು ಸುಡುವ ಸ್ಥಾವರಗಳು ಕಲ್ಲಿದ್ದಲಿನ ಜೊತೆಗೆ ನೂರಕ್ಕೆ ೫ ಪಾಲು ಬೆಳೆಯ ಉಳಿಕೆಯ ಉಂಡೆಗಳನ್ನೂ ಸುಡಬೇಕೆಂಬ ನೀತಿಯನ್ನು ಹೊರಡಿಸಿತು. ಮಳವಳ್ಳಿಯಲ್ಲಿ ೪.೫ ಮೆಗಾವಾಟಿನ ಒಂದು ಸ್ಥಾವರವನ್ನು ಕಬ್ಬಿನ ತರಗು, ತೆಂಗಿನ ಗರಿ ಇಂಥವುಗಳನ್ನು ನಂಬಿಯೇ ಕಟ್ಟಿದರು. ಆದಕಾರಣ ಇದು ಹೊಸ ಮಾತೂ ಅಲ್ಲ, ಸುಳ್ಳು ಮಾತೂ ಅಲ್ಲ.

ಇದರ ಹಿಂದಿನ ವಿಚಾರ ಇಷ್ಟೆ. ಶೇಂಗಾ ಗಿಡ ಬೆಳೆಯುವಾಗ ಗಾಳಿಯಿಂದ ಇಂಗಾಲಾಮ್ಲ ವಾಯುವನ್ನು ಎಳೆದುಕೊಂಡು ಎಲೆ, ಬಳ್ಳಿ, ಕಾಯಿ ಕಟ್ಟಿಕೊಳ್ಳುತ್ತದೆ. ಅದರ ಸಿಪ್ಪೆಯನ್ನು ಸುಟ್ಟರೆ ಆ ವಾಯು ತಿರುಗಿ ಗಾಳಿಗೆ ಹೋಗುತ್ತದೆ. ಮರುವರ್ಷದ ಶೇಂಗಾ ಮತ್ತೆ ಅದನ್ನು ಎಳೆದುಕೊಳ್ಳುತ್ತದೆ. ಕಲ್ಲಿದ್ದಲು ಹಾಗಲ್ಲ. ಅದು ಕೋಟಿ ಕೋಟಿ ವರ್ಷಗಳ ಹಿಂದೆ ನೆಲದೊಳಗೆ ಹೂತುಹೋದ ಗಿಡಮರ. ಅದನ್ನು ಅಗೆದು ಸುಟ್ಟರೆ ಹೂತಿಟ್ಟದ್ದು ಹೊರಗೆ ಬಂದ ಹಾಗೆ. ಅದನ್ನು ತಿರುಗಿ ಹೂಳುವವರು ಯಾರೂ ಇಲ್ಲ.

ಇದನ್ನು ಸಾಲದ ಲೆಕ್ಕದಲ್ಲಿ ನೋಡಿದರೆ ನಮಗೆಲ್ಲ ಚೆನ್ನಾಗಿ ತಿಳಿಯುತ್ತದೆ. ಏನನ್ನಾದರೂ ಸುಟ್ಟಾಗ ನಾವು ಗಾಳಿಯ ಹತ್ತಿರ ಸಾಲ ಮಾಡುತ್ತೇವೆ. ಶೇಂಗಾ ಸಿಪ್ಪೆಯ ಸಾಲ ಮುಂದಿನ ದೀಪಾವಳಿಯ ಹೊತ್ತಿಗೆ ತೀರುತ್ತದೆ. ಬಳ್ಳಾರಿ ಜಾಲಿಯನ್ನು ಕಡಿದರೆ ಬುಡದಿಂದ ಚಿಗುರಿ ನಾಲ್ಕಾರು ವರ್ಷದಲ್ಲಿ ತೀರಿಸುತ್ತದೆ. ಆದರೆ ನಿಮ್ಮ ತಾತ ನೆಟ್ಟ ಬೇವಿನ ಮರವನ್ನು ಕಡಿದು ಸುಟ್ಟರೆ ಆ ಸಾಲ ತೀರಲು ಮೊಮ್ಮಗನ ಕಾಲ ಬರಬೇಕು. ಅದೂ ಹೊಸ ಬೇವಿನ ಸಸಿ ನೆಟ್ಟು, ಕುರಿ ಮೇಕೆಯಿಂದ ಕಾಪಾಡಿದರೆ ಮಾತ್ರ. ನೆಡದೆ ಹೋದರೆ ಸಾಲ ಸಾಲವಾಗಿಯೇ ಉಳಿಯಿತು. ಇನ್ನೊಂದು ಮಾತು. ಅಷ್ಟೇ ಶಾಖಕ್ಕೆ ಹಸಿ ಸೌದೆಯನ್ನು ಸುಟ್ಟರೆ ಕಲ್ಲಿದ್ದಲಿಗಿಂತ ಕಡಮೆಯಲ್ಲದಷ್ಟು, ಕೆಲವೊಮ್ಮೆ ಹೆಚ್ಚು, ಇಂಗಾಲಾಮ್ಲ ಆ ಹೊತ್ತಿಗೆ ಹೊರಗೆ ಬರುತ್ತದೆ. ಚೊಕ್ಕ ಎನ್ನುವುದೆಲ್ಲ ಮುಂದೆ ಬೆಳೆಯುವುದೆಂಬ ಭರವಸೆಯ ಮೇಲೆ ನಿಂತ ಮಾತು.

ಈ ಜಗಳ ನಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಡ್ರ್ಯಾಕ್ಸ್ ಎಂಬ ದೊಡ್ಡ ಸ್ಥಾವರವಿದೆ. ಹಿಂದೆ ಅದು ಕಲ್ಲಿದ್ದಲು ಸುಡುತ್ತಿತ್ತು. ಈಚೆಗೆ ಅಮೆರಿಕದ ಮರವನ್ನು ಉಂಡೆ ಮಾಡಿಸಿ ಹಡಗಿನಲ್ಲಿ ಸಮುದ್ರ ದಾಟಿಸಿ ತಂದು ಸುಟ್ಟಿದೆ. ಅದು ನವೀಕರಿಸಬಹುದಾದ ಇಂಧನ ಎಂದು ಅಲ್ಲಿಯ ಸರ್ಕಾರ ಸಹಾಯಧನವನ್ನೂ ಕೊಟ್ಟಿತು. ೨೦೧೮ರಲ್ಲಿ ನೂರಾರು ಮಂದಿ ವಿಜ್ಞಾನಿಗಳು ಯೂರೋಪಿನ ಪಾರ್ಲಿಮೆಂಟಿಗೆ ಕಾಗದ ಬರೆದು, ಉಳಿಕೆಯನ್ನು ಸುಡುವುದು ಬೇರೆ, ಸುಡುವುದಕ್ಕೆಂದೇ ನಿಂತ ಮರ ಕಡಿಯುವುದು ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದು ಎಚ್ಚರಿಸಿದರು. ಅಜ್ಜಿ ಕಟ್ಟೆಯ ಮೇಲೆ ಕೇಳಿದ್ದಕ್ಕೂ ಅವರು ಕಾಗದದಲ್ಲಿ ಬರೆದದ್ದಕ್ಕೂ ಬಹಳ ದೂರವೇನಿಲ್ಲ.

ಇನ್ನು ಹೊಗೆಯ ವಿಚಾರ. ಮತ್ತೆ ಬೆಳೆಯುವುದು ಒಂದು ಗುಣ, ಹೊಗೆಯಾಡದಿರುವುದು ಇನ್ನೊಂದು ಗುಣ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇದ್ದಂತಾಗಲಿಲ್ಲ. ನಾನು ಆ ದಿನ ಎರಡನ್ನೂ ಕಲಸಿ ಹೇಳಿದ್ದೇ ತಪ್ಪಾಯಿತು. ಸ್ಥಾವರದಲ್ಲಿ ಗಾಳಿಯನ್ನು ಸಾಕಷ್ಟು ಕೊಟ್ಟು ಬಹಳ ಕಾವಿನಲ್ಲಿ ಸುಡುತ್ತಾರೆ, ಚಿಮಣಿಗೆ ಹೋಗುವ ಮೊದಲೇ ಬೂದಿಯ ಧೂಳನ್ನು ಹಿಡಿಯುವ ಯಂತ್ರವಿರುತ್ತದೆ, ಇರಬೇಕು. ಮೂರು ಕಲ್ಲಿನ ಒಲೆಯಲ್ಲಿ ಕಾವು ಸಾಲದು, ಗಾಳಿ ಸಾಲದು; ಸೌದೆ ಅರೆಬರೆ ಉರಿದು, ಉರಿಯದೆ ಉಳಿದದ್ದೇ ಹೊಗೆಯಾಗಿ ಬರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿವೆ, ತಲೆ ಸುತ್ತಿಸುವ ವಿಷವಾಯುವಿದೆ. ಅಂಥ ಒಲೆಯಲ್ಲಿ ಸೌದೆಯ ಶಕ್ತಿಯಲ್ಲಿ ಹತ್ತು ಪಾಲಿಗೆ ಒಂದು ಪಾಲು ಪಾತ್ರೆಗೆ ಸೇರಿದರೆ ಹೆಚ್ಚು. ಮನೆಯೊಳಗಿನ ಇಂಥ ಹೊಗೆಯಿಂದ ೨೦೨೦ರ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ.

ನಮ್ಮವ್ವನನ್ನು ನೋಡಿದವನು ನಾನು. ಮಳೆಗಾಲದಲ್ಲಿ ಹಸಿ ಜಾಲಿಯನ್ನು ಊದುಗೊಳವೆಯಲ್ಲಿ ಊದಿ ಊದಿ ಮುದ್ದೆಗೆ ಎಸರು ಕುದಿಸುವ ಹೊತ್ತಿಗೆ ಅವಳ ಕಣ್ಣು ಕೆಂಡವಾಗುತ್ತಿತ್ತು. ಈಗ ಐವತ್ತು ದಾಟಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಉಸಿರೆಳೆದುಕೊಳ್ಳುತ್ತಾಳೆ. ಬೀಡಿ ಸೇದಿದವಳಲ್ಲ. ೨೦೧೬ರಿಂದ ಉಜ್ವಲ ಯೋಜನೆಯಲ್ಲಿ ಗ್ಯಾಸು ಬಂದಿದೆ, ನಿಜ. ಆದರೆ ಅನೇಕ ಮನೆಗಳಲ್ಲಿ ಗ್ಯಾಸಿನ ಒಲೆ ಚಹಾಕ್ಕೆ, ಹಂಡೆ ನೀರಿಗೂ ಮುದ್ದೆಗೂ ಸೌದೆಯೇ. ಸಿಲಿಂಡರಿನ ದುಡ್ಡಿನ ಕಷ್ಟ ನನಗೆ ಗೊತ್ತು, ಬೈಯುವುದಿಲ್ಲ. ಸೌದೆಯನ್ನೇ ಉರಿಸುವುದಾದರೆ ಎರಡು ಕೆಲಸ ಮಾಡಿ. ಈಗ ಕಡಿದ ಸೌದೆಯಲ್ಲಿ ಹತ್ತಿರ ಹತ್ತಿರ ಅರ್ಧ ತೂಕ ನೀರೇ ಇರುತ್ತದೆ. ಅದನ್ನು ಸೀಳಿ, ಬೇಸಿಗೆಯಲ್ಲಿಯೇ ಒಣಗಿಸಿ, ಮಳೆ ತಾಗದಂತೆ ಸೂರಿನಡಿ ಒಟ್ಟಿಟ್ಟುಕೊಳ್ಳಿ. ಎರಡನೆಯದಾಗಿ, ಹೊಗೆ ಕೊಳವೆಯಿರುವ ಒಲೆ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ೧೯೭೪ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ತೆರೆದರು. ಅವರು ರೂಪಿಸಿದ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಹಿರಿಯರು ನೋಡಿರಬಹುದು. ಸೌದೆ ಕಡಮೆ ಸಾಕು, ಹೊಗೆ ಹೊರಗೆ ಹೋಗುತ್ತದೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಮಾತ್ರ ಅದೂ ಒಳಗೇ ಹೊಗೆ ಬಿಡುತ್ತದೆ. ಎಷ್ಟೋ ಮನೆಗಳಲ್ಲಿ ಒಲೆ ಕೆಟ್ಟಿತೆಂದು ಒಡೆದು ಹಾಕಿದರು. ಕೆಟ್ಟದ್ದು ಒಲೆಯಲ್ಲ, ಕೊಳವೆ ಕಟ್ಟಿಕೊಂಡಿತ್ತು.

ಈಗ ಮೂರನೆಯ ಮಾತು. ಸುಡುವ ವಸ್ತು ಸುಡದೆ ಹೋಗಿದ್ದರೆ ಏನಾಗುತ್ತಿತ್ತು? ನನ್ನ ಮಟ್ಟಿಗೆ ರೈತರಾದ ನಮಗೆ ಇದೇ ದೊಡ್ಡ ಪ್ರಶ್ನೆ.

ನಮ್ಮದು ವರ್ಷಕ್ಕೆ ೫೦೦ ಮಿಲಿಮೀಟರ್ ಆಸುಪಾಸಿನ ಮಳೆ. ಕೆಂಪು ಮರಳು ಮಿಶ್ರಿತ ನೆಲ. ಇಂಥ ನೆಲದಲ್ಲಿ ಕೊಳೆತ ಸಾವಯವ ವಸ್ತು ಮೊದಲೇ ಕಡಮೆ. ಅದು ಇದ್ದಷ್ಟು ಮಾತ್ರ ಮಳೆಯ ತೇವ ನಿಲ್ಲುತ್ತದೆ. ಸಗಣಿಯನ್ನು ಬೆರಣಿ ತಟ್ಟಿ ಸುಟ್ಟರೆ ಅದರ ಸಾರಜನಕವೆಲ್ಲ ಹೊಗೆಯ ಜೊತೆ ಹಾರಿಹೋಗುತ್ತದೆ. ಬೂದಿಯಲ್ಲಿ ಉಳಿಯುವುದು ಪೊಟ್ಯಾಷ್, ಸುಣ್ಣ, ಸ್ವಲ್ಪ ರಂಜಕ. ಬೆಳಿಗ್ಗೆ ಬೆರಣಿ ಸುಟ್ಟು, ಮಧ್ಯಾಹ್ನ ಯೂರಿಯಾ ಚೀಲಕ್ಕೆ ಸೊಸೈಟಿಯ ಮುಂದೆ ಸಾಲು ನಿಲ್ಲುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಶೇಂಗಾ ಬಳ್ಳಿಯನ್ನು ಇಲ್ಲಿ ಯಾರೂ ಸುಡುವುದಿಲ್ಲ, ದನಕ್ಕೆ ಅದೇ ಬೇಸಿಗೆಯ ಅನ್ನ; ಅದನ್ನು ಯಾರಾದರೂ ಉಂಡೆ ಕಟ್ಟುವುದಕ್ಕೆ ಕೇಳಿದರೆ ಬಣವೆಯ ಹತ್ತಿರಕ್ಕೂ ಬಿಡಬೇಡಿ. ಹೊಲದಲ್ಲಿ ಕೂಳೆ, ಬದುವಿನಲ್ಲಿ ಒಣಹುಲ್ಲು ಇವಕ್ಕೆ ಬೆಂಕಿ ಇಡುವುದಂತೂ ಯಾರಿಗೂ ಪ್ರಯೋಜನವಿಲ್ಲದ ಬೆಂಕಿ. ವಿದ್ಯುತ್ತೂ ಇಲ್ಲ, ಮುದ್ದೆಯೂ ಇಲ್ಲ.

ಇಲ್ಲೊಂದು ಮಾತು ನೆನಪಾಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನಗಳಿವೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ಅದೇ ಅಶೋಕನು ಉತ್ತರದ ಕಡೆ ನಿಲ್ಲಿಸಿದ ಕಂಬದ ಶಾಸನವೊಂದರಲ್ಲಿ, ಜೀವಜಂತುಗಳಿರುವ ಹೊಟ್ಟನ್ನು ಸುಡಬಾರದು, ಸುಮ್ಮಸುಮ್ಮನೆ ಕಾಡಿಗೆ ಬೆಂಕಿ ಇಡಬಾರದು ಎಂದು ಕಟ್ಟಪ್ಪಣೆ ಮಾಡಿದ್ದಾನೆ. ನಮ್ಮ ಬಂಡೆಯ ಮೇಲೆ ಆ ಮಾತಿಲ್ಲ. ಇದ್ದಿದ್ದರೆ ನನಗೆ ಈ ಭಾಷಣದ ಶ್ರಮ ಸ್ವಲ್ಪ ತಪ್ಪುತ್ತಿತ್ತು.

ಹಾಗಾದರೆ ಏನನ್ನೂ ಸುಡಲೇಬಾರದೇ ಎಂದು ಕೇಳಬಹುದು. ಹಾಗಲ್ಲ. ಚಳ್ಳಕೆರೆ ಎಣ್ಣೆಗೆ ಹೆಸರಾದ ಊರು. ಕಾಯಿ ಒಡೆಸಿದ ಮೇಲೆ ಉಳಿಯುವ ಸಿಪ್ಪೆ ಕಾಯಿಯ ತೂಕದಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅದನ್ನು ದನ ತಿನ್ನುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಮಿಲ್ಲಿನ ಹಿಂದೆ ಗುಡ್ಡೆ ಬೀಳುವ ಅಂಥ ಸಿಪ್ಪೆ ಬಾಯ್ಲರಿಗೆ ಹೋದರೆ ನನ್ನ ತಕರಾರಿಲ್ಲ. ಬೂದಿ ತಿರುಗಿ ಹೊಲಕ್ಕೆ ಬರುವಂತಿದ್ದರೆ ಇನ್ನೂ ಒಳ್ಳೆಯದು. ಮೊಳಕಾಲ್ಮೂರಿನ ರೇಷ್ಮೆಯ ಕೆಲಸಕ್ಕೂ ಬೆಂಕಿ ಬೇಕು. ನೂಲಿನ ಅಂಟು ಬಿಡಿಸಲು ಸೋಪಿನ ನೀರಿನಲ್ಲಿ ಕುದಿಸಬೇಕು, ಬಣ್ಣಕ್ಕೆ ಮತ್ತೆ ಕುದಿಸಬೇಕು. ಒಲೆ ಉರಿಯದೆ ಸೀರೆಯಿಲ್ಲ. ಆ ಒಲೆಗೆ ಬೇವು ಹುಣಸೆಗಿಂತ ಸಿಪ್ಪೆಯ ಉಂಡೆ ಎಷ್ಟೋ ಮೇಲು.

ಆದರೆ ಅಳತೆ ಎಂಬುದೊಂದಿದೆ. ಒಂದು ಯೂನಿಟ್ ವಿದ್ಯುತ್ತಿಗೆ ಸ್ಥಾವರದಲ್ಲಿ ಸುಮಾರು ಒಂದೂಕಾಲು ಕಿಲೋ ಒಣ ಸೌದೆಯೋ ಸಿಪ್ಪೆಯೋ ಬೇಕು. ಒಂದು ಮೆಗಾವಾಟಿನ ಚಿಕ್ಕ ಸ್ಥಾವರ ಹಗಲೂ ರಾತ್ರಿ ನಡೆದರೆ ದಿನಕ್ಕೆ ೨೪,೦೦೦ ಯೂನಿಟ್. ಅಂದರೆ ದಿನಕ್ಕೆ ೩೦ ಟನ್ನು. ಮಳೆಯಾಶ್ರಿತದಲ್ಲಿ ಎಕರೆಗೆ ೫ ಕ್ವಿಂಟಾಲ್ ಶೇಂಗಾ ಕಾಯಿ ಬಂತೆಂದು ಇಟ್ಟುಕೊಳ್ಳಿ. ಸಿಪ್ಪೆ ಒಂದೂವರೆ ಕ್ವಿಂಟಾಲ್. ೩೦ ಟನ್ನಿಗೆ ೨೦೦ ಎಕರೆಯ ಸಿಪ್ಪೆ, ಒಂದೇ ದಿನಕ್ಕೆ! ಮಳೆ ಕೈಕೊಟ್ಟ ವರ್ಷ ಕಾಯಿಯೂ ಇಲ್ಲ, ಸಿಪ್ಪೆಯೂ ಇಲ್ಲ. ನಮ್ಮಲ್ಲಿ ಅಂಥ ವರ್ಷಗಳೇನು ಅಪರೂಪವೇ? ಆದರೆ ಬಾಯ್ಲರಿನ ಹೊಟ್ಟೆ ಬರಗಾಲವೆಂದು ಚಿಕ್ಕದಾಗುವುದಿಲ್ಲ. ಆಗ ಲಾರಿ ಎಲ್ಲಿಗೆ ಬರುತ್ತದೆ? ಬದುವಿನ ಮರದ ಬುಡಕ್ಕೆ.

ಇದನ್ನು ನಾನು ಕಣ್ಣಾರೆ ಕಂಡೆ. ಅದರಲ್ಲಿ ನನ್ನ ಪಾಲೂ ಇದೆ, ಆದ್ದರಿಂದ ಮುಚ್ಚಿಡದೆ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಜ್ಜಿಯ ಊರಿಗೆ ಸೌದೆ ಕೊಳ್ಳುವ ದಲ್ಲಾಳಿಯೊಬ್ಬ ಬಂದ. ಜಾಲಿಯನ್ನು ಟನ್ನಿನ ಲೆಕ್ಕದಲ್ಲಿ ಕೊಳ್ಳುತ್ತೇನೆ, ವಿದ್ಯುತ್ತು ಮಾಡುವವರಿಗೆ ಹೋಗುತ್ತದೆ ಎಂದ. ನನಗೆ ಬಹಳ ಸಂತೋಷವಾಯಿತು. ಜಾಲಿ ನಮ್ಮ ನೆಲದ ಮರವಲ್ಲ; ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಹೊರದೇಶದಿಂದ ತಂದು ಹಾಕಿದ್ದು. ಕಾಯಿ ತಿಂದ ದನಕುರಿಗಳ ಹಿಕ್ಕೆಯಲ್ಲಿ ಬೀಜ ಹರಡಿ, ಕೆರೆಯಂಗಳ, ಹಳ್ಳ, ಕಾವಲು ಎಲ್ಲವನ್ನೂ ಮುಚ್ಚಿತು. ಅದನ್ನು ಕಡಿದು ದುಡ್ಡೂ ಬರುವುದಾದರೆ ಇನ್ನೇನು ಬೇಕೆಂದು ನಾನೇ ಮನೆಮನೆಗೆ ಹೋಗಿ ಹೇಳಿದೆ.

ಟನ್ನಿನ ತಕ್ಕಡಿಗೆ ಮರದ ಜಾತಿ ತಿಳಿಯುವುದಿಲ್ಲ. ಮೊದಲ ವಾರ ಜಾಲಿ ಹೋಯಿತು. ಎರಡನೆಯ ವಾರ ಜಾಲಿಯ ಮಧ್ಯದಲ್ಲಿ ನಿಂತಿದ್ದ ಹೊಂಗೆ ಹೋಯಿತು. ಆಮೇಲೆ ಬದುವಿನ ಬೇವು, ರೊಪ್ಪದ ಹತ್ತಿರದ ಎರಡು ಕಮರ. ಹೊಲವಿದ್ದವರಿಗೆ ಒಂದಿಷ್ಟು ದುಡ್ಡು ಬಂತು. ಹೊಲವಿಲ್ಲದವರಿಗೆ ಏನೂ ಬರಲಿಲ್ಲ, ಇದ್ದದ್ದೂ ಹೋಯಿತು. ಆ ಜಾಲಿಯ ಪುರಳೆಯನ್ನು ಆರಿಸಿಕೊಂಡೇ ಅಜ್ಜಿಯಂಥ ಹತ್ತು ಹದಿನೈದು ಮನೆಗಳ ಒಲೆ ಉರಿಯುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ಅವರು ಗುಡ್ಡದ ಬುಡದವರೆಗೆ ನಡೆಯಬೇಕಾಯಿತು. ದಲ್ಲಾಳಿಯ ಮೇಲೆ ಹೊರೆ ಹೊರಿಸುವುದು ಸುಲಭ. ಅವನು ಕೊಟ್ಟ ಮಾತಿಗೆ ತಪ್ಪಲಿಲ್ಲ, ಟನ್ನಿಗೆ ಹೇಳಿದ ದುಡ್ಡು ಕೊಟ್ಟ. ಏನು ಕಡಿಯಬೇಕು, ಏನು ಬಿಡಬೇಕು, ಯಾರಿಗೆ ಎಷ್ಟು ಉಳಿಯಬೇಕು ಎಂದು ಮೊದಲೇ ಗೊತ್ತುಮಾಡದೆ ಹೋದವನು ನಾನು. ಇನ್ನೂ ಒಂದು ಸಂಗತಿ: ಬುಡ ಕಿತ್ತು ಹಾಕದ ಕಾರಣ ಜಾಲಿ ತಿರುಗಿ ಚಿಗುರಿ ಈಗ ಆಳೆತ್ತರ ನಿಂತಿದೆ. ಬೇವು, ಹೊಂಗೆ, ಕಮರ ಬಂದಿಲ್ಲ.

ಊರಿನ ಕೈಯಲ್ಲೇ ಲೆಕ್ಕ ಇದ್ದರೆ ಬೇರೆ ರೀತಿ ಆಗಬಹುದು. ತುಮಕೂರು ಜಿಲ್ಲೆಯ ಹೊಸಹಳ್ಳಿ ಎಂಬ ಚಿಕ್ಕ ಹಳ್ಳಿಯಲ್ಲಿ ೧೯೮೮ರಲ್ಲಿ ಇದೇ ಅಸ್ತ್ರದವರು ಸೌದೆಯಿಂದ ಅನಿಲ ತೆಗೆದು ಎಂಜಿನ್ ನಡೆಸುವ ಯಂತ್ರವನ್ನು ಹಾಕಿದರು. ಮೊದಲು ಐದು ಅಶ್ವಶಕ್ತಿಯಷ್ಟರದು, ಮುಂದೆ ಅದಕ್ಕಿಂತ ದೊಡ್ಡದು. ಮನೆಗಳಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಎಲ್ಲ ಅದರಿಂದ ನಡೆದವು. ಮುಖ್ಯ ಸಂಗತಿ ಏನೆಂದರೆ, ಯಂತ್ರಕ್ಕೆ ಬೇಕಾದ ಸೌದೆಗಾಗಿ ಊರಿನಲ್ಲಿಯೇ ಮರದ ತೋಪನ್ನು ಬೆಳೆಸಿಕೊಂಡರು. ಅದೇ ಭಾರತೀಯ ವಿಜ್ಞಾನ ಸಂಸ್ಥೆ ಈಗ ನಮ್ಮ ಕುದಾಪುರದ ಬಳಿಯೂ ಇದೆ. ಈ ಪ್ರಶ್ನೆಯನ್ನು ಹೊತ್ತು ಅವರ ಬಾಗಿಲಿಗೆ ಹೋಗಲು ನಮಗೆ ಬಹಳ ದೂರವೇನಿಲ್ಲ.

ಸಗಣಿಯ ಮಟ್ಟಿಗಂತೂ ಒಳ್ಳೆಯ ದಾರಿ ಕಣ್ಣ ಮುಂದೆಯೇ ಇದೆ. ನಾಲ್ಕೈದು ದನಗಳಿದ್ದರೆ ಎರಡು ಘನ ಮೀಟರಿನ ಗೋಬರ್ ಅನಿಲ ಗುಂಡಿಗೆ ದಿನಕ್ಕೆ ಬೇಕಾದ ೫೦ ಕಿಲೋ ಸಗಣಿ ಸಿಗುತ್ತದೆ. ಅನಿಲ ಒಲೆಗೆ, ಹೊಗೆಯಿಲ್ಲ. ಬಗ್ಗಡ ಹೊಲಕ್ಕೆ, ಸಾರಜನಕ ಹಾರಿಹೋಗಿಲ್ಲ. ಬೆರಣಿಯಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು. ಇಲ್ಲಿ ಎರಡೂ ಸಿಗುತ್ತವೆ. ದನವಿಲ್ಲದವರಿಗೆ ಇದರಿಂದ ಪ್ರಯೋಜನವಿಲ್ಲ ಎಂಬುದೂ ನಿಜ.

ಹೀಗಾಗಿ ಅಜ್ಜೀ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಕಟ್ಟಿಗೆ ಅದೇ, ಅವರ ಬೆಂಕಿಯಲ್ಲಿ ಹೊಗೆ ಕಡಮೆ, ನಿನ್ನ ಒಲೆಯಲ್ಲಿ ಹೆಚ್ಚು. ಅಷ್ಟು ಮಾತ್ರ ನಾನು ಹೇಳಿದ್ದು ಸರಿ. ಆದರೆ ನೀನು ಸುಟ್ಟದ್ದು ಬಿದ್ದ ಪುರಳೆ, ಆ ಲಾರಿ ಒಯ್ದದ್ದು ನಿಂತ ಬೇವು. ಗಾಳಿಯ ಸಾಲದ ಲೆಕ್ಕದಲ್ಲಿ ನಿನ್ನ ಒಲೆಯೇ ಹೆಚ್ಚು ಚೊಕ್ಕ. ಅದನ್ನು ಆ ದಿನ ನಾನು ಹೇಳಲಿಲ್ಲ.

ಈಗ ಕೆಲಸದ ಮಾತಿಗೆ ಬರೋಣ. ದಲ್ಲಾಳಿ ಈ ಬೇಸಿಗೆ ಮತ್ತೆ ಬರುತ್ತಾನೆಂದು ಸುದ್ದಿ ಇದೆ. ಅವನು ಬರುವ ಮೊದಲೇ ಪ್ರತಿ ಊರಿನವರೂ ಗ್ರಾಮಸಭೆಯಲ್ಲಿ ಕುಳಿತು ತೀರ್ಮಾನ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಕೊಡುವುದಾದರೆ ಜಾಲಿಯೊಂದನ್ನೇ ಕೊಡಿ, ಅದೂ ಬುಡ ಸಹಿತ ಕೀಳುವ ಕರಾರಿನ ಮೇಲೆ. ಉಳಿಸುವ ಮರಗಳಿಗೆ ಮೊದಲೇ ಸುಣ್ಣ ಬಳಿಯಿರಿ. ಲಾರಿಯವನಿಗೆ ಗುರುತು ಹಿಡಿಯುವ ಕಷ್ಟ ತಪ್ಪುತ್ತದೆ. ಪುರಳೆಯನ್ನು ಲಾರಿಗೆ ತುಂಬದೆ ಆರಿಸಿಕೊಳ್ಳುವವರಿಗೆ ಬಿಡಬೇಕು. ಜಾಲಿ ಕಿತ್ತ ಗುಂಡಿಗೆ ಮಳೆ ಬಿದ್ದ ಕೂಡಲೇ ಹೊಂಗೆ, ಬೇವು ಹಾಕಿ; ಹೊಂಗೆಯ ಬೀಜ ನಾನು ತಂದು ಕೊಡುತ್ತೇನೆ.

ಸುಣ್ಣ ಬಳಿಯುವ ಕೆಲಸ ನಾಡಿದ್ದು ಬೆಳಿಗ್ಗೆ ಅಜ್ಜಿಯ ಊರಿನಿಂದ ಆರಂಭ. ಬಕೆಟ್ಟು, ಕುಂಚ ನನ್ನವು. ಯಾವ ಮರ ಬಿಡಬೇಕೆಂದು ತೋರಿಸಲು ಅಜ್ಜಿ ಬರುತ್ತೇನೆಂದು ಒಪ್ಪಿದ್ದಾಳೆ.